ಅತ್ತೆಯ ಮೊದಲ ‘ಬೇಡ’

ಅಂದು ಬೆಳಗ್ಗೆ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತ ನಿಂತಿದ್ದೆ. ಎಂಟನೇ ಕ್ಲಾಸಿನ ಮಗಳು ಒಂದೇ ಜಡೆ ಹಾಕಿಸಿಕೊಂಡು, ಇನ್ನೊಂದು ಕಡೆ ಕೂದಲು ಬಿಟ್ಟುಕೊಂಡೇ ಇಂಗ್ಲಿಷ್ ನೋಟ್‌ಬುಕ್ ಹಿಡಿದು ಬಂದಳು. ‘ರೀಇಂಟರ್‌ಪ್ರೆಟ್’ ಎಂಬ ಕ್ರಿಯಾಪದಕ್ಕೆ ವಾಕ್ಯ ಬೇಕಂತೆ.

“ಒಂದು ಅರ್ಥ ಇರೋದನ್ನ ಮತ್ತೆ ನೋಡಿ, ಬೇರೆ ಅರ್ಥ ಹೇಳೋದು,” ಎಂದೆ. “ಹಳೇ ಕತೆಗೆ ನಾಟಕದವರು ಹೊಸ ಅರ್ಥ ಕೊಡ್ತಾರಲ್ಲ, ಹಾಗೆ.”

“ಬೋರ್, ಅಮ್ಮಾ.” ತಾನೇ ಬರೆದು ತೋರಿಸಿದಳು: ಅಜ್ಜಿ ಅಮ್ಮನ ಮಾತನ್ನೆಲ್ಲ ರೀಇಂಟರ್‌ಪ್ರೆಟ್ ಮಾಡುತ್ತಾರೆ.

ನಗು ಬಂತು. ಆದರೂ ತಿದ್ದಿಸಿದೆ. ಮೊದಲ ಅರ್ಥ ತಿಳಿದವರಿಗೆ ಮಾತ್ರ ಆ ಪದ ಸಲ್ಲುತ್ತದೆ, ಬರೀ ತಪ್ಪು ತಿಳಿಯುವವರಿಗಲ್ಲ ಎಂದು ನನಗೆ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು.

ಅವಳು ಹೋದ ಮೇಲೆ ನೋಡಿದರೆ ನೋಟ್‌ಬುಕ್ ಫ್ರಿಜ್ಜಿನ ಮೇಲೆಯೇ ಇದೆ. ರೈಲು ಹಿಡಿದು ಗಿಂಡಿಯ ಅವಳ ಶಾಲೆಗೆ ಹೋಗಿ ಕೊಟ್ಟುಬರಬೇಕು. ಆದರೆ ಎದುರುಮನೆಯವರು ಉತ್ತರ ಕೇಳಲು ಬರುವವರಿದ್ದರು. ಹಿಂದಿನ ಬೀದಿಯ ಶಾಲೆಯ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ, ಅವರೇ ಹೇಳಿ ಕೊಡಿಸುತ್ತಿದ್ದದ್ದು. ಮದುವೆಯಾದ ಮೇಲೆ ನಾನಾಗಿ ಬೇಕೆಂದ ಮೊದಲ ಸಂಗತಿ. ಅವರ ಮನೆಗೆ ಬೀಗ, ಫೋನ್ ಮಾಡಿದರೆ ಎತ್ತಲಿಲ್ಲ.

“ಅತ್ತೆ, ಅವರು ಬಂದ್ರೆ ನಾನು ಒಪ್ಕೊಂಡಿದೀನಿ ಅಂತ ಹೇಳಿಬಿಡಿ.”

“ಹೇಳ್ತೀನಿ, ನೀ ಹೋಗ್ಬಾಮ್ಮ.”

ಮಾಂಬಲಂ ಸ್ಟೇಷನ್ನಿನಿಂದ ಬೆವರಿಳಿಸುತ್ತ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ.

“ಬಂದಿದ್ರು. ‘ಅಯ್ಯೋ ಬೇಡಿ, ಅವಳಿಗೆಲ್ಲಿ ಬಿಡುವು’ ಅಂದೆ.”

“ಅತ್ತೆ!”

“ಕೇಳಿದ ತಕ್ಷಣ ಹೂಂ ಅಂದ್ರೆ ಕಾದು ಕೂತಿದ್ದೋರ ಹಾಗಾಗಲ್ವೇನೆ? ಇನ್ನೆರಡು ಸಲ ಕೇಳ್ತಾರೆ, ಆಮೇಲೆ ಒಪ್ಪೋದು.”

ನಮ್ಮ ಮನೆಯ ರೀತಿಯೇ ಅದು. ಯಾರ ಮನೆಗೆ ಹೋದರೂ ಕಾಫಿಯನ್ನು ಎರಡು ಸಲ ಬೇಡವೆಂದು ಮೂರನೇ ಸಲಕ್ಕೆ ಲೋಟ ಹಿಡಿಯುವುದು. ನನ್ನ ಮಾತಿನ ಅರ್ಥ ಅತ್ತೆಗೆ ಚೆನ್ನಾಗಿಯೇ ಗೊತ್ತಿತ್ತು. ಮಗಳ ವಾಕ್ಯವನ್ನು ನಾನು ತಿದ್ದಬಾರದಿತ್ತು. ಕಿರುಚಬೇಕೆನಿಸಿತು. ಮೆತ್ತಗೆ ಮಾತಾಡುವುದನ್ನಷ್ಟೇ ಕಲಿತವಳು, ಹುರುಳಿಕಾಯಿ ಹೆಚ್ಚಲು ಕುಳಿತೆ. ನಡುವೆ ನಾಲ್ಕು ಸಲ ಎದ್ದುಹೋಗಿ ನೋಡಿದೆ, ಎದುರುಮನೆಗೆ ಬೀಗ.

ಸಂಜೆ ಟೆರೇಸಿನಲ್ಲಿ ಸಿಕ್ಕರು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು, ಅಜ್ಜಿಗೆ ಪಾಟ್ಟಿ, ಬೇಡಕ್ಕೆ ವೇಂಡಾಂ ಎನ್ನುವಷ್ಟು ತಮಿಳು ಬೆರೆತ ಮಾತು. ನಾನು ಬಾಯಿ ತೆರೆಯುವ ಮೊದಲೇ, ಒಣಗಿದ ಸೀರೆ ಮಡಚುತ್ತ ಅಂದರು:

“ನಿಮ್ಮ ಪಾಟ್ಟಿ ವೇಂಡಾಂ ಅಂದ್ರಲ್ಲಮ್ಮಾ, ಆಗ್ಲೇ ಸ್ಕೂಲಿಗೆ ಹೇಳ್ಬಿಟ್ಟೆ. ಕೆಳಗಿನ ಫ್ಲಾಟ್ ಹುಡುಗಿ ನಾಳೆಯಿಂದ ಹೋಗ್ತಾಳೆ. ಈ ಕ್ಲಿಪ್ ನಿಮ್ದಾ, ನೋಡಿ?”