ಗಿರಣಿ ನಿಂಗವ್ವನ ನಂಬರು

ಗೆಳೆಯಾರ, ಇವತ್ತ ನಮ್ಮ ಕುಷ್ಟಗಿ ಕಾಲೇಜಿನ ಆಫೀಸಿಗೆ ವಿಶ್ವವಿದ್ಯಾಲಯದ ಹೊಸ ಪೋರ್ಟಲ್ ನೋಡ್ಕೊಳ್ಳೋ ಕಂಪನಿ ಸಾಹೇಬ್ರು ಬಂದಿದ್ರು. "ಹದಿನೇಳು ಹುಡುಗಿಯರಿಗೆ ಒಂದೇ ಮೊಬೈಲ್ ನಂಬರ್ ಇದೆ. ಇದು ಮೋಸ. ಎಲ್ಲರ ಪರೀಕ್ಷೆ ಅರ್ಜಿನೂ ತಡೆದಿದ್ದೀನಿ" ಅಂದ್ರು.

ಆ ನಂಬರಿಗೆ ಫೋನ್ ಹಚ್ಚಿದೆ. ಹಿಟ್ಟಿನ ಗಿರಣಿ ನಡಸೋ ನಿಂಗವ್ವ ಸೀರಿ ಮ್ಯಾಲಿನ ಹಿಟ್ಟು ಕೊಡವಿಕೋತ ಬಂದ್ಲು.

"ಆ ಹುಡುಗ್ಯಾರ ಮನ್ಯಾಗಿನ ಒಂದ ಫೋನು ಅಪ್ಪನ ಕೂಡ ಹೊಲಕ್ಕ ಹೋಗತೈತ್ರಿ. ಅದಕ್ಕ ನನ್ನ ನಂಬರ್ ಕೊಟ್ಟಾರ. ಒಟಿಪಿ ಬಂದ್ರ ನಾನ ಹೇಳ್ತೀನಿ."

"ಯಾವ ಒಟಿಪಿ ಯಾರದ್ದು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಸಾಹೇಬ್ರು ಕೇಳಿದ್ರು.

"ಅದರಾಗ ರಿಜಿಸ್ಟರ್ ನಂಬರ್ ಇರತೈತಲ್ರಿ" ಅಂದಾಕಿ, ಹದಿನೇಳೂ ನಂಬರು ಹೆಸರು ಸಮೇತ ಬಾಯಿಲೇ ಹೇಳಿದ್ಲು. ಸಾಹೇಬ್ರು ಕಂಪ್ಯೂಟರಿನ್ಯಾಗ ಒಂದೊಂದ ತಾಳೆ ನೋಡಿದ್ರು. ಒಂದೂ ತಪ್ಪಿರಲಿಲ್ಲ.

"ಗಿರಣಿಗೆ ಬರೋ ಡಬ್ಬಿ ಮ್ಯಾಲ ಹೆಸರು ಬರದಿರತಾರೇನ್ರಿ? ಇನ್ನೂತನಾ ಒಬ್ಬರ ಜ್ವಾಳ ಇನ್ನೊಬ್ಬರ ಮನಿಗೆ ಹೋಗಿಲ್ಲ."

ಸಾಹೇಬ್ರು ಎದ್ದು ತಮ್ಮ ಕುರ್ಚಿ ಆಕಿಗೆ ಬಿಟ್ಟುಕೊಟ್ರು. ಆಮ್ಯಾಲೆ ಅರ್ಜಿ ಮ್ಯಾಲಿನ ತಡೆ ತೆಗಿಯಾಕ ಹೋದ್ರ ಅವರ ಸರ್ವರ್ ಮಲಗಿತ್ತು.

ನಿಂಗವ್ವ ಕುಂದ್ರಲಿಲ್ಲ. "ಅದು ಏಳೂತನಾ ಎರಡು ಡಬ್ಬಿ ಬೀಸಿ ಬರ್ತೀನ್ರಿ" ಅಂತ ಹೋದ್ಲು.