ಅವರಿಗೆ ಸ್ವಲ್ಪ ಫೋನ್ ಕೊಡ್ತೀರಾ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಫೋನಕ್ಕ ಎಂದೇ. ರಕ್ತದ ಕ್ಯಾನ್ಸರಿಗೆ ಹೊಸ ಔಷಧ ಕೊಟ್ಟು ಪರೀಕ್ಷಿಸುವ ಕಡೆ ದೊಡ್ಡ ಡಾಕ್ಟರುಗಳಿರುತ್ತಾರೆ, ದೊಡ್ಡ ಯಂತ್ರಗಳಿರುತ್ತವೆ. ಆದರೆ ಎಲ್ಲ ಮುಗಿದು ರೋಗಿ ಮನೆಗೆ ಹೋದ ಮೇಲೆ ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ, ಆ ಮನುಷ್ಯ ಇನ್ನೂ ಇದ್ದಾನೋ ಇಲ್ಲವೋ ಎಂದು ತಿಳಿದುಕೊಳ್ಳುವುದಕ್ಕೂ ಒಬ್ಬರು ಬೇಕಲ್ಲ? ಹೊಟ್ಟೆಪಾಡಿಗೆ ಜನ ಏನೇನೋ ಮಾಡುತ್ತಾರೆ. ಇವಳು ಇದನ್ನು ಮಾಡುತ್ತಾಳೆ.

ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಡುವುದು ಒಂದೇ ಪಾಠ.

"ಹೇಗಿದ್ದಾರೆ ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಅಭ್ಯಾಸದ ಮೇಲೆ ಚೆನ್ನಾಗಿದ್ದಾರೆ ಅಂದುಬಿಡ್ತಾರೆ. ಅವರಿಗೆ ಸ್ವಲ್ಪ ಫೋನ್ ಕೊಡ್ತೀರಾ ಅಂತ ಕೇಳಿ. ಇದ್ರೆ ಕೊಡ್ತಾರೆ. ಇಲ್ಲದಿದ್ರೆ ಸುಮ್ಮನಾಗ್ತಾರೆ. ಆಗ ನೀವೂ ಸುಮ್ಮನಿರಿ."

ಎಂಥ ಕಲ್ಲುಮನಸ್ಸಿನ ಹೆಂಗಸು ಎಂದು ಹೊಸಬರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬಿದ್ದದ್ದನ್ನು ಅವಳು ಎತ್ತಿ ಎದೆಗೆ ಹಚ್ಚಿಕೊಳ್ಳಲಿಲ್ಲ.

ಅವಳ ಅಕ್ಕನ ಗಂಡನೂ ಈ ಪರೀಕ್ಷೆಗೆ ಸೇರಿದ್ದರು. ಸೇರಿಸಿದವಳು ಇವಳೇ. ಭಾವ ಬಸ್ಸು ಓಡಿಸುತ್ತಿದ್ದ ಆಸಾಮಿ, ಮಾತಾಡಿದರೆ ಬೀದಿಗೆಲ್ಲ ಕೇಳಬೇಕು. "ಸೊಳ್ಳೆ ಬಿಟ್ರೆ ನನ್ನ ರಕ್ತಕ್ಕೆ ಇಷ್ಟು ಜನ ಮುಗಿಬಿದ್ದಿದ್ದು ಇದೇ ಮೊದಲು ಕಣಮ್ಮ" ಎಂದು ಸೂಜಿ ಚುಚ್ಚಿಸಿಕೊಳ್ಳುವಾಗಲೂ ನಗಿಸುತ್ತಿದ್ದರು. ಹೊಸ ಔಷಧ ಎರಡು ವರ್ಷ ಅವರನ್ನು ಓಡಾಡಿಸಿತು. ಆಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಫೋನಕ್ಕ ಕಚೇರಿಯಲ್ಲಿ ಕಾರಣ ಹೇಳದೆ ರಜೆ ಹಾಕಿ ಅಕ್ಕನ ಮನೆಗೆ ಹೋದಳು. ಬಂದವರಿಗೆ ಕುರ್ಚಿ ಹಾಕಿದಳು, ಪಾತ್ರೆ ತೊಳೆದಳು, ಭಾವನ ಚಪ್ಪಲಿಯನ್ನು ಬಾಗಿಲ ಬಳಿಯಿಂದ ತೆಗೆದು ಒಳಗಿಟ್ಟಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದ್ದೋ ಕೆನ್ನೆ ಅನ್ನಿಸುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗಿತ್ತು. ವಾಪಸು ಬಂದು ಮಾರನೆಯ ದಿನವೇ ಫೋನಿನ ಮುಂದೆ ಕೂತಳು.

ಆಸ್ಪತ್ರೆಯಲ್ಲಿ ಜೀವ ಹೋಗಿದ್ದರೆ ಸುದ್ದಿ ತಾನಾಗಿ ಕಚೇರಿಗೆ ಬರುತ್ತಿತ್ತು. ಮನೆಯಲ್ಲಿ ಹೋದವರ ಸುದ್ದಿ ಫೋನಿನಲ್ಲೇ ಬರಬೇಕು. ಯಾವ ರೋಗಿಯ ಮನೆಗೆ ಯಾರು ಫೋನ್ ಮಾಡಬೇಕೆಂದು ಕಂಪ್ಯೂಟರೇ ಹಂಚುತ್ತದೆ. ತಿಂಗಳು ಕಳೆದ ಮೇಲೆ ಭಾವನ ಸರದಿ ಪಕ್ಕದ ಮೇಜಿನ ಹುಡುಗಿಗೆ ಬಂತು. ಫೋನಕ್ಕನಿಗೆ ಪರದೆಯ ಮೇಲಿನ ಸಂಖ್ಯೆ ಕಂಡಿತು, ಹುಡುಗಿ ಪಾಠ ಮರೆತು "ಹೇಗಿದ್ದಾರಮ್ಮ?" ಎಂದದ್ದೂ ಕೇಳಿಸಿತು. "ಹೌದಾ? ಮಲಗಿದ್ದಾರಾ? ಪರವಾಗಿಲ್ಲ, ಎಬ್ಬಿಸಬೇಡಿ" ಎಂದು ಹುಡುಗಿ ನಗುತ್ತಾ ಫೋನಿಟ್ಟಳು.

ಆಗಲೇ ಹೇಳಬೇಕಿತ್ತು. ಫೋನಕ್ಕ ತುಟಿ ಪಿಟಕ್ಕೆನ್ನಲಿಲ್ಲ.

ಕಚೇರಿಯ ಗೋಡೆಯ ಮೇಲೆ ಒಂದು ಗೆರೆಯ ಚಿತ್ರವಿದೆ. ಹೊಸ ಔಷಧ ತಗೊಂಡವರಲ್ಲಿ ಒಬ್ಬರು ಹೋದರೆ ಗೆರೆ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಶುಕ್ರವಾರ ಲೆಕ್ಕ ಮುಚ್ಚುತ್ತೇವೆ, ಫಲಿತಾಂಶ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ ಎಂದು ದೊಡ್ಡ ಡಾಕ್ಟರು ಬಂದು ಹೇಳಿಹೋದರು. ಭಾವನ ಮೆಟ್ಟಿಲು ಅದರಲ್ಲಿ ಇರಲಿಲ್ಲ. ನಾಳೆ ಈ ಔಷಧ ನುಂಗುವವರು ಈ ಗೆರೆಯನ್ನು ನಂಬಿಯೇ ನುಂಗುತ್ತಾರೆ. ಅಷ್ಟು ತಿಳಿಯದವಳಲ್ಲ ಅವಳು. ಆದರೆ ಬಾಯಿ ಬಿಟ್ಟರೆ ಅಕ್ಕ ಸುಳ್ಳುಗಾತಿಯಾಗುತ್ತಾಳೆ, ಭಾವ ಮತ್ತೊಮ್ಮೆ ಸಾಯುತ್ತಾರೆ. ಲೆಕ್ಕ ಮುಚ್ಚುವ ಮುನ್ನ ಎಲ್ಲರ ಮನೆಗೂ ಇನ್ನೊಂದು ಸಲ ಫೋನ್ ಮಾಡಬೇಕು; ಗುರುವಾರ ಕಂಪ್ಯೂಟರು ಭಾವನ ಸಂಖ್ಯೆಯನ್ನು ಅವಳ ಮುಂದೆಯೇ ತಂದಿಟ್ಟಿತು.

"ನಮಸ್ಕಾರ, ಆಸ್ಪತ್ರೆಯ ಕಡೆಯಿಂದ ಮಾತಾಡ್ತಿದ್ದೀನಿ..."

"ನೀನಾ?" ಎಂದಳು ಅಕ್ಕ. "ಇದೇನೇ ಈ ದನಿ?"

ಪಾಠ ಬಾಯಿಗೆ ಬಂತು. ಬೇರೇನೂ ಬರಲಿಲ್ಲ.

"ಭಾವನಿಗೆ ಸ್ವಲ್ಪ ಫೋನ್ ಕೊಡ್ತೀಯಾ ಅಕ್ಕ?"

ಅಕ್ಕ ಸುಮ್ಮನಾದಳು. ಇವಳೂ ಸುಮ್ಮನಿದ್ದಳು. ಅತ್ತ ಕಡೆ ನಲ್ಲಿ ನಿಲ್ಲಿಸಿದ ಸದ್ದಾಯಿತು.

"ಅವತ್ತು ಆ ಹುಡುಗಿ, ಅವರು ಹೇಗಿದ್ದಾರೆ ಅಂತ ಕೇಳಿದ್ಲು ಕಣೇ" ಎಂದಳು ಅಕ್ಕ. "ಅವರು ಹೋದ ಮೇಲೆ ಎಲ್ಲರೂ ಕೇಳೋದು ನಾನು ಹೇಗಿದ್ದೀನಿ ಅಂತ. ಅವರನ್ನ ಕೇಳಿದವಳು ಅವಳೊಬ್ಬಳೇ. ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. ತಪ್ಪಾಯ್ತಾ?"

"ಸರಿ ಮಾಡಬಹುದು."

"ಹಾಗಾದ್ರೆ ಬರ್ಕೋ. ಹೋದರು ಅಂತ ಬರ್ಕೋ." ಅಕ್ಕ ತಾರೀಕು ಹೇಳಿದಳು. ಗೊತ್ತಿದ್ದ ತಾರೀಕೇ, ಆದರೂ ಕೇಳಿಸಿಕೊಂಡು ಒಂದೊಂದೇ ಅಂಕಿ ಒತ್ತಿದಳು. ಪರದೆಯಲ್ಲಿ ಭಾವನ ಸಾಲು ಬೂದಿ ಬಣ್ಣಕ್ಕೆ ತಿರುಗಿತು.

"ಇನ್ಮೇಲೆ ಈ ಫೋನ್ ಬರುತ್ತಾ?"

"ಇಲ್ಲ ಅಕ್ಕ. ಇನ್ನು ಬರಲ್ಲ."

ಅಕ್ಕ ಫೋನಿಡಲಿಲ್ಲ.

"ಬರ್ಕೊಂಡಾಯ್ತಲ್ಲ? ಇನ್ನು ಯಾರಿಗೂ ತೊಂದರೆ ಇಲ್ಲವಲ್ಲ? ಹಾಗಾದ್ರೆ ಕೊನೇ ಸಲ, ನೀನೊಂದು ಸಲ ಕೇಳು."

ಫೋನಕ್ಕ ಪಕ್ಕದ ಮೇಜಿನ ಕಡೆ ನೋಡಿದಳು. ಹುಡುಗಿ ಬೇರೆ ಯಾರೊಂದಿಗೋ ಮಾತಾಡುತ್ತಿದ್ದಳು.

"ಭಾವ ಹೇಗಿದ್ದಾರೆ ಅಕ್ಕ?"

"ಚೆನ್ನಾಗಿದ್ದಾರೆ" ಎಂದಳು ಅಕ್ಕ. "ಊಟ ಮಾಡಿ ಈಗ ತಾನೇ ಮಲಗಿದ್ರು."

"ಪರವಾಗಿಲ್ಲ" ಎಂದಳು ಫೋನಕ್ಕ. "ಎಬ್ಬಿಸಬೇಡ."