ಅತ್ತೆ ಹೋಗದ ಹೈಡೆಲ್‌ಬರ್ಗ್

ಅಂಗಡಿಯ ಕವರ್‌ಗಳಿಗೆ ಹೆಸರು ಹಾಕಿಸಲು ಶಿವಾಜಿನಗರದ ಪ್ರೆಸ್ಸಿಗೆ ಹೋದಾಗಲೆಲ್ಲ ನಾನು ಚೌಕಾಸಿಯಲ್ಲಿ ಸೋತು ಬರುತ್ತೇನೆ. ಮಸಿ, ಸೀಮೆಎಣ್ಣೆ ಬೆರೆತ ಆ ವಾಸನೆಗೆ ಸೋದರಮಾವ ಎದುರಿಗೆ ಬಂದು ನಿಲ್ಲುತ್ತಾರೆ. ನಾನು ಬೆಳೆದದ್ದು ಕಾಕ್ಸ್ ಟೌನಿನ ಅವರ ಕೆಂಪು ನೆಲದ ಮನೆಯಲ್ಲಿ. ಈಗ ಅಲ್ಲಿ ಫ್ಲ್ಯಾಟುಗಳೆದ್ದಿವೆ. ಮಾವ, ಅತ್ತೆ ಇಬ್ಬರೂ ಇಲ್ಲ.

ಮದುವೆಗೆ ಮುಂಚೆ ಮಾವ ಪ್ರಿಂಟಿಂಗ್ ಮೆಷಿನ್ ಕೆಲಸ ಕಲಿಯಲು ಕೆಲವು ತಿಂಗಳು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದ್ದರು. ಸಂಜೆ ಕಾಫಿ ಹಿಡಿದು ಜಗಲಿಗೆ ಬಂದರೆ ಅವರ ಬಾಯಲ್ಲಿ ನಮ್ಮ ಬೀದಿಯೇ ಆ ಊರು. ರೈಲು ಹಳಿ ನೆಕ್ಕರ್ ನದಿ. ಹಳಿ ದಾಟುವ ಸೇತುವೆ ಅಲ್ಲಿನ ಹಳೇ ಕಲ್ಲು ಸೇತುವೆ, ಅದರ ಈ ತುದಿಯಲ್ಲಿ ಎರಡು ಬಿಳಿ ಗೋಪುರಗಳ ಹೆಬ್ಬಾಗಿಲು. ಒಳಗೆ ಬಂದರೆ ಚರ್ಚು, ಸಂತೆ ಚೌಕ, ಮೇಲೆ ಬೆಟ್ಟದ ಮಗ್ಗುಲಲ್ಲಿ ಕೆಂಪು ಕಲ್ಲಿನ ಮುರುಕು ಕೋಟೆ. ನಮ್ಮ ನೀರಿನ ಟ್ಯಾಂಕೇ ಆ ಕೋಟೆ. ನದಿಯಾಚೆ, ಇಡೀ ಊರು ಕಾಣುವ ಎದುರು ಬೆಟ್ಟದ ಕಾಲುದಾರಿ ಲಿಂಗರಾಜಪುರದ ಪಾಲಿಗೆ ಬಂದಿತ್ತು. ಒಮ್ಮೆ ನಾನು ಆಟೋದವನಿಗೆ "ಕೋಟೆ ಹತ್ರ ಬಿಡಿ" ಅಂದೆ. ಪುಣ್ಯಾತ್ಮ ಸೀದಾ ಕೆ.ಆರ್. ಮಾರ್ಕೆಟ್ ಪಕ್ಕದ ನಿಜವಾದ ಕೋಟೆ ಕಡೆ ತಿರುಗಿಸಿಬಿಟ್ಟ!

"ಮುಂದಿನ ವರ್ಷ ಕರ್ಕೊಂಡು ಹೋಗ್ತೀನಿ ಕಣೇ" ಎಂದು ಮಾವ ಅತ್ತೆಗೆ ಹೇಳದ ವರ್ಷವಿಲ್ಲ. ಕೊನೆಗೆ ಲಕ್ವ ಹೊಡೆದು ಮಾವನ ಎಡಗಾಲು ಬಿದ್ದುಹೋಯಿತು. "ಬಚ್ಚಲಿಗೆ ಹೋಗೋಕೇ ನಾನು ಬೇಕು, ಇವರು ನನ್ನ ಜರ್ಮನಿಗೆ ಕರ್ಕೊಂಡು ಹೋಗ್ತಾರಂತೆ" ಎಂದು ಅತ್ತೆ ಗದರುತ್ತಿದ್ದರು. ಆ ಹೊತ್ತಿಗೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ನನ್ನ ಅಂಗಡಿ ಕುದುರಿತ್ತು. ಜರ್ಮನಿಗೆ ಹೋಗುವ ಟೂರಿನವರ ಜೊತೆ ಜಗ್ಗಾಡಿ ಅತ್ತೆಗೊಂದು ಸೀಟು ಗಿಟ್ಟಿಸಿದೆ. (ನನ್ನ ಮಾತು ಕೇಳಿ, ಅವರು ಮೊದಲು ಹೇಳುವ ದರಕ್ಕೆ ಒಪ್ಪಲೇಬೇಡಿ. ಕಾಲು ಗಟ್ಟಿಯಿರುವಾಗಲೇ ಹೊರಟುಬಿಡಿ.) ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದೊಯ್ದರು.

"ಬೇಡ ಕಣೇ."

"ಯಾಕತ್ತೆ? ಮಾವನೇ ಹೋಗು ಅಂತಿದಾರೆ. ಅವರನ್ನ ನಾನು ನೋಡ್ಕೋತೀನಿ."

"ಅಂತಾರೆ. ನಾನೇ ನೋಡ್ಕೊಂಡು ಬಂದ್ಬಿಟ್ರೆ, ಆಮೇಲೆ ಅವರು ನಂಗೆ ಹೇಳೋದಾದ್ರೂ ಏನು?"

ಎಂಥ ಗಿರಾಕಿಗೂ ಬಗ್ಗದವಳು ನಾನು. ಟೂರಿನವರಿಗೆ ಫೋನ್ ಮಾಡಿ ಸೀಟು ಬಿಟ್ಟುಕೊಟ್ಟೆ.

ಅವತ್ತು ಸಂಜೆಯೂ ಮಾವ ಜಗಲಿಯಲ್ಲಿ ಕೂತೇ ತೊದಲುತ್ತ, ತಡವರಿಸುತ್ತ ಸೇತುವೆಯವರೆಗೆ ಬಂದರು. "ಮುಂದೆ ಏನು ಬರುತ್ತೆ, ಹೇಳು ನೋಡೋಣ." ಅತ್ತೆಗೆ ಆ ಊರಿನ ಕಲ್ಲು ಕಲ್ಲೂ ಬಾಯಿಪಾಠ. ಆದರೂ, "ನಂಗೇನು ಗೊತ್ತು, ನಾನು ಹೋಗಿದ್ದೀನಾ? ನೀವೇ ಹೇಳಿ" ಅಂದರು. ಮಾವ ಸೊಟ್ಟಗೆ ನಕ್ಕು, ಅತ್ತೆಯನ್ನು ಮೆಲ್ಲಗೆ ಹೆಬ್ಬಾಗಿಲು ದಾಟಿಸಿ ಊರೊಳಗೆ ಕರೆದುಕೊಂಡು ಹೋದರು.